ಪಿಬೆಂಡ್2 ಬಳಸಿ ನೋಡಿದೆ: ಯೀಸ್ಟ್ ಸೆಂಟ್ರೊಮಿಯರ್‌ನ ಬಾಗು ಅಳೆಯಲು ಇದೊಂದೇ ಸಾಕಾ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಅವಸರದಲ್ಲಿ ಇರುವವರು ಅಷ್ಟನ್ನೇ ಓದಿಕೊಂಡು ಹೋಗಬಹುದು. ಪ್ರೋಟೀನ್ ಕೂತಾಗ ಡಿಎನ್‌ಎ ಎಷ್ಟು ಬಾಗುತ್ತದೆ ಅಂತ ಅಳೆಯಬೇಕು, ನಿಮ್ಮ ಪ್ರೋಟೀನ್ ಚಿಕ್ಕದು, ಡಿಎನ್‌ಎ ಮೇಲೆ ಅದು ಕೂರುವ ಜಾಗವೂ ಚಿಕ್ಕದು ಅಂತಾದರೆ ಪಿಬೆಂಡ್2 ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಪುಟ್ಟ ಉಂಗುರದ ಡಿಎನ್‌ಎ) ಧೈರ್ಯವಾಗಿ ತೆಗೆದುಕೊಳ್ಳಿ. ಯೀಸ್ಟ್ ಸೆಂಟ್ರೊಮಿಯರ್‌ನ ಸಿಬಿಎಫ್1 ಪ್ರೋಟೀನ್‌ಗೆ ಇದನ್ನು ಬಳಸಿದೆ. ಐದರಲ್ಲಿ ನಾಲ್ಕೂವರೆ ಅಂಕ. ಅದೇ ಸೆಂಟ್ರೊಮಿಯರ್‌ನ ಇನ್ನೊಂದು ತುದಿಯ ಸಿಬಿಎಫ್3 ಕೂಟಕ್ಕೂ ಬಳಸಿದೆ. ಅಲ್ಲಿ ಎರಡಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುತ್ತಿಲ್ಲ. ಅದು ಪ್ಲಾಸ್ಮಿಡ್‌ನ ತಪ್ಪು ಅಲ್ಲ, ಅದು ಮಾಡಲು ಹುಟ್ಟಿದ ಕೆಲಸವೇ ಬೇರೆ. ಆದರೆ ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ವಾರ ಉಳಿಯುತ್ತಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅಳೆಯಲು ಹೊರಟಿದ್ದು ಏನನ್ನು ಅಂತ ನೋಡೋಣ.

ಬ್ರೆಡ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಸ್ಯಾಕರೊಮೈಸಿಸ್ ಸೆರೆವಿಸಿಯೆ, ಅದರಲ್ಲಿ 16 ಕ್ರೋಮೊಸೋಮ್. ಕೋಶ ಎರಡಾಗುವಾಗ ಪ್ರತಿ ಕ್ರೋಮೊಸೋಮನ್ನೂ ಹಿಡಿದು ಎಳೆಯಲು ಒಂದು ಹಿಡಿ ಬೇಕು. ಆ ಹಿಡಿ ಕಟ್ಟುವ ಜಾಗವೇ ಸೆಂಟ್ರೊಮಿಯರ್. ಮನುಷ್ಯರಲ್ಲಿ ಈ ಜಾಗ ಲಕ್ಷಗಟ್ಟಲೆ ಬೇಸ್ ಜೋಡಿ (ಡಿಎನ್‌ಎ ಏಣಿಯ ಒಂದೊಂದು ಮೆಟ್ಟಿಲು) ಉದ್ದ. ಈ ಯೀಸ್ಟ್‌ನಲ್ಲಿ ಬರೀ 125ರ ಆಸುಪಾಸು! 1980ರಲ್ಲಿ ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್ ಮೂರನೇ ಕ್ರೋಮೊಸೋಮಿನಿಂದ ಈ ತುಂಡನ್ನು ಮೊದಲ ಸಲ ಬೇರ್ಪಡಿಸಿ ತೋರಿಸಿದರು. ಈ 125 ಜೋಡಿಯ ಮೇಲೆ ಕೈನೆಟೊಕೋರ್ ಅನ್ನುವ ಪ್ರೋಟೀನ್ ಹಿಡಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ಒಂದೇ ಒಂದು ಮೈಕ್ರೊಟ್ಯೂಬ್ಯೂಲ್, ಅಂದರೆ ಕ್ರೋಮೊಸೋಮನ್ನು ಎಳೆಯುವ ಹಗ್ಗ, ಅಂಟುತ್ತದೆ. ಒಂದೇ ಎಳೆ. ಆದರೂ ಒಂದು ಕ್ರೋಮೊಸೋಮ್ ಕಳೆದುಹೋಗುವುದು ಸುಮಾರು ಲಕ್ಷ ವಿಭಜನೆಗೆ ಒಂದು ಸಲ. ಈ ಅಂಕಿ ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಈ ಪುಟ್ಟ ಜಾಗದಲ್ಲಿ ಮೂರು ಭಾಗ. ಮೊದಲನೆಯದು ಸಿಡಿಇ1, ಬರೀ 8 ಜೋಡಿ. ನಡುವಿನದು ಸಿಡಿಇ2, 78ರಿಂದ 86 ಜೋಡಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಮತ್ತು ಟಿ ಎರಡೇ ಅದರಲ್ಲಿ 90 ಶೇಕಡಾಕ್ಕಿಂತ ಜಾಸ್ತಿ. ಕೊನೆಯದು ಸಿಡಿಇ3, ಸುಮಾರು 25 ಜೋಡಿ, ಅದರ ಹೊಟ್ಟೆಯಲ್ಲಿ ಸಿ-ಸಿ-ಜಿ ಅನ್ನುವ ಮೂರು ಅಕ್ಷರ. ಈ ಮೂರರ ನಡುವಿನ ಒಂದು ಅಕ್ಷರ ಬದಲಾದರೂ ಸಾಕು, ಇಡೀ ಸೆಂಟ್ರೊಮಿಯರ್ ಕೆಲಸ ನಿಲ್ಲಿಸುತ್ತದೆ. ಸಿಡಿಇ1 ಹಾಗಲ್ಲ. ಅದು ಹೋದರೂ ಕೋಶ ಬದುಕುತ್ತದೆ, ಕ್ರೋಮೊಸೋಮ್ ಕಳೆದುಕೊಳ್ಳುವುದು ಮಾತ್ರ ಜಾಸ್ತಿ.

ಸಿಡಿಇ1 ಮೇಲೆ ಕೂರುವುದು ಸಿಬಿಎಫ್1, ಇಬ್ಬರು ಅವಳಿಗಳ ಹಾಗೆ ಜೋಡಿಯಾಗಿ. ಸಿಡಿಇ3 ಮೇಲೆ ಕೂರುವುದು ಸಿಬಿಎಫ್3, ಅದು ಎನ್‌ಡಿಸಿ10, ಸಿಇಪಿ3, ಸಿಟಿಎಫ್13, ಎಸ್‌ಕೆಪಿ1 ಅನ್ನುವ ನಾಲ್ಕು ಪ್ರೋಟೀನ್‌ಗಳ ಕೂಟ. ನಡುವಿನ ಸಿಡಿಇ2 ಒಂದು ವಿಶೇಷ ನ್ಯೂಕ್ಲಿಯೊಸೋಮಿನ, ಅಂದರೆ ಹಿಸ್ಟೋನ್ ಪ್ರೋಟೀನ್‌ಗಳ ಉಂಡೆಯ, ಸುತ್ತ ಸುತ್ತಿಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯ ಹಿಸ್ಟೋನ್ ಎಚ್3 ಬದಲು ಸಿಎಸ್‌ಇ4 ಇರುತ್ತದೆ.

ಈಗ ಒಂದು ಚಿಕ್ಕ ಲೆಕ್ಕ ಹಾಕಿ. ಒಂದು ಬೇಸ್ ಜೋಡಿಗೆ 0.34 ನ್ಯಾನೊಮೀಟರ್. 80 ಜೋಡಿಗೆ 27 ನ್ಯಾನೊಮೀಟರ್ ಚಿಲ್ಲರೆ. ಡಿಎನ್‌ಎ ತನ್ನಷ್ಟಕ್ಕೆ ಬಿಟ್ಟರೆ 50 ನ್ಯಾನೊಮೀಟರ್‌ವರೆಗೆ, ಅಂದರೆ 150 ಜೋಡಿಯವರೆಗೆ, ಹೆಚ್ಚುಕಮ್ಮಿ ನೆಟ್ಟಗೇ ನಿಲ್ಲುವ ಸ್ವಭಾವದ್ದು. ಅಂದರೆ ಸೆಂಟ್ರೊಮಿಯರ್‌ನ ಎರಡು ತುದಿಗಳು ಸುಮ್ನೆ ಬಿಟ್ಟರೆ ಹತ್ತಿರ ಬರುವುದಿಲ್ಲ. ಯಾರಾದರೂ ಬಗ್ಗಿಸಬೇಕು. 80 ಜೋಡಿ ಹಿಸ್ಟೋನ್ ಮೇಲೆ ಹೆಚ್ಚುಕಮ್ಮಿ ಒಂದು ಸುತ್ತು ಬರುತ್ತದೆ, ಆಗ ಸಿಡಿಇ1 ಮತ್ತು ಸಿಡಿಇ3 ಎದುರುಬದುರು ಆಗುತ್ತವೆ. ಆ ಸುತ್ತಿಗೆ ಎರಡೂ ಕಡೆಯ ಪ್ರೋಟೀನ್‌ಗಳು ಎಷ್ಟು ಬಾಗು ಸೇರಿಸುತ್ತವೆ ಅನ್ನುವುದು ನನ್ನ ಪ್ರಶ್ನೆ. ಅದಕ್ಕೇ ಈ ಪ್ಲಾಸ್ಮಿಡ್ ಹುಡುಕಿದ್ದು.

ಪಿಬೆಂಡ್2 ಬಂದದ್ದು 1989ರಲ್ಲಿ, ಶಂಕರ್ ಆಧ್ಯ ಅವರ ತಂಡದಿಂದ. ಅದರ ಹಿಂದಿರುವ ಉಪಾಯ ಇನ್ನೂ ಹಳೆಯದು, 1984ರಲ್ಲಿ ವೂ ಮತ್ತು ಕ್ರೋಥರ್ಸ್ ತೋರಿಸಿದ್ದು. ಉಪಾಯ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಒಂದೇ ಉದ್ದದ ಎರಡು ಕೋಲು ತೆಗೆದುಕೊಳ್ಳಿ. ಒಂದು ನಡುವಿನಲ್ಲಿ ಬಾಗಿದೆ, ಇನ್ನೊಂದು ತುದಿಯಲ್ಲಿ ಬಾಗಿದೆ. ಎರಡನ್ನೂ ಒತ್ತಾಗಿ ಬೆಳೆದ ಪೊದೆಯೊಳಗೆ ತೂರಿಸಿ. ನಡುವಿನಲ್ಲಿ ಬಾಗಿದ ಕೋಲು ಹೆಚ್ಚು ಸಿಕ್ಕಿಕೊಳ್ಳುತ್ತದೆ, ತುದಿಯಲ್ಲಿ ಬಾಗಿದ್ದು ಹೆಚ್ಚುಕಮ್ಮಿ ನೆಟ್ಟಗಿನ ಕೋಲಿನ ಹಾಗೇ ಜಾರಿ ಹೋಗುತ್ತದೆ. ವಿದ್ಯುತ್ ಹರಿಸಿ ಡಿಎನ್‌ಎ ತುಣುಕುಗಳನ್ನು ಓಡಿಸುವ ಅಕ್ರಿಲಮೈಡ್ ಜೆಲ್ ಅಂದರೆ ಆ ಪೊದೆ.

ಹಾಗಾದರೆ ಒಂದೇ ಉದ್ದದ, ಆದರೆ ಬಾಗು ಬೇರೆ ಬೇರೆ ಜಾಗದಲ್ಲಿ ಇರುವ ತುಣುಕುಗಳು ಬೇಕು. ಪಿಬೆಂಡ್2 ಮಾಡಿಕೊಡುವುದು ಇದನ್ನೇ. ಅದರಲ್ಲಿ ರಿಸ್ಟ್ರಿಕ್ಷನ್ ಎನ್ಜೈಮ್‌ಗಳು (ನಿರ್ದಿಷ್ಟ ಅಕ್ಷರಗಳಿರುವ ಕಡೆ ಡಿಎನ್‌ಎ ಕತ್ತರಿಸುವ ಪ್ರೋಟೀನ್‌ಗಳು) ಕತ್ತರಿಸುವ ಜಾಗಗಳು ಸಾಲಾಗಿವೆ, ಆ ಇಡೀ ಸಾಲು ಅದೇ ಕ್ರಮದಲ್ಲಿ ಎರಡು ಸಲ ಇದೆ. ಎರಡು ಸಾಲುಗಳ ನಡುವೆ ಎಕ್ಸ್‌ಬಿಎ ಒನ್ ಮತ್ತು ಸಾಲ್ ಒನ್ ಜಾಗ. ನಿಮ್ಮ ತುಂಡನ್ನು ಅಲ್ಲಿ ಕೂರಿಸುತ್ತೀರಿ. ಆಮೇಲೆ ಯಾವ ಎನ್ಜೈಮ್ ಹಾಕಿದರೂ ಅದು ಎರಡೂ ಸಾಲಿನಲ್ಲಿ ಒಂದೊಂದು ಸಲ ಕತ್ತರಿಸುತ್ತದೆ, ಹೊರಬರುವ ತುಣುಕಿನ ಉದ್ದ ಯಾವಾಗಲೂ ಅಷ್ಟೇ. ಮ್ಲೂ ಒನ್ ಹಾಕಿದರೆ ನಿಮ್ಮ ತುಂಡು ಒಂದು ತುದಿಗೆ, ಬ್ಯಾಮ್ ಎಚ್ ಒನ್ ಹಾಕಿದರೆ ಇನ್ನೊಂದು ತುದಿಗೆ, ಇಕೋ ಆರ್ ಫೈವ್ ಹಾಕಿದರೆ ನಡುವಿನ ಹತ್ತಿರ. ಒಂದು ಸಲ ಕ್ಲೋನ್ ಮಾಡಿದರೆ ಸಾಕು, ಆರೇಳು ತುಣುಕು ಸಿಗುತ್ತವೆ. ಈ ವಿನ್ಯಾಸ ನನಗೆ ಬಹಳ ಇಷ್ಟ. ಯಾವ ಯಂತ್ರವೂ ಬೇಡ, ಒಂದು ಜೆಲ್ ಪೆಟ್ಟಿಗೆ ಸಾಕು, ಅಲ್ವಾ?

ಸಿಬಿಎಫ್1 ಕಥೆ ಮೊದಲು, ಅದು ಸುಲಭದ್ದು.

ಸಿಡಿಇ1 ಇರುವ ಚಿಕ್ಕ ಆಲಿಗೊ (ಕೃತಕವಾಗಿ ತಯಾರಿಸಿದ ಡಿಎನ್‌ಎ ತುಂಡು) ಜೋಡಿ ತರಿಸಿದೆ. ಮೊದಲ ಸಲ ಬಂದದ್ದರಲ್ಲಿ, ಕ್ಲೋನ್ ಮಾಡಿ ಸೀಕ್ವೆನ್ಸ್ ನೋಡಿದರೆ, ಸಿ-ಎ-ಸಿ-ಜಿ-ಟಿ-ಜಿ ಅಂತ ಇರಬೇಕಾದ ಕಡೆ ಒಂದು ಅಕ್ಷರವೇ ಇಲ್ಲ. ಎಂಟು ಕಾಲೊನಿ ನೋಡಿದೆ, ಐದರಲ್ಲಿ ಹೀಗೇ. ಉಳಿದ ಮೂರರಲ್ಲಿ ಸರಿಯಿತ್ತು, ಅದರಲ್ಲೇ ಮುಂದುವರಿದೆ. ಇಲ್ಲಿ ಒಂದು ಮಾತು. ಪಿಬೆಂಡ್2ನಲ್ಲಿ ಸೀಕ್ವೆನ್ಸ್ ಮಾಡಲು ಪ್ರೈಮರ್ (ಓದು ಶುರುವಾಗುವ ಚಿಕ್ಕ ಡಿಎನ್‌ಎ ತುಂಡು) ಇಡುವಾಗ ಎರಡು ಸಾಲುಗಳ ಹೊರಗೆ ಇಡಿ. ಒಳಗೆ ಇಟ್ಟರೆ ಪ್ರೈಮರ್ ಎರಡೂ ಕಡೆ ಕೂರುತ್ತದೆ, ಎರಡು ಓದು ಒಂದರ ಮೇಲೊಂದು ಬಿದ್ದು ಏನೂ ಅರ್ಥವಾಗುವುದಿಲ್ಲ. ಪಿಸಿಆರ್‌ಗೂ ಇದೇ ಮಾತು. ಇನ್ನೊಂದು, ಒಂದೇ ಸಾಲು ಎರಡು ಸಲ ಇರುವ ಪ್ಲಾಸ್ಮಿಡ್ ಇದು, ಹಾಗಾಗಿ ಆರ್‌ಇಸಿ-ಎ (ಒಂದೇ ಥರದ ಡಿಎನ್‌ಎ ಸಾಲುಗಳನ್ನು ಬೆಸೆಯುವ ಪ್ರೋಟೀನ್) ಇಲ್ಲದ ಇ. ಕೋಲಿ ಬ್ಯಾಕ್ಟೀರಿಯಾದಲ್ಲೇ ಇಡಿ. ಇಲ್ಲದಿದ್ದರೆ ಎರಡು ಸಾಲು ಒಂದಾಗಿ, ನಡುವಿನ ನಿಮ್ಮ ತುಂಡು ಹಾರಿಹೋಗುವ ಭಯ ಇದೆ. ನನಗೆ ಬೇರೆ ಲ್ಯಾಬ್‌ನಿಂದ ಬಂದ ಒಂದು ಟ್ಯೂಬಿನಲ್ಲಿ ಹೀಗೇ ಆಗಿತ್ತು. ಮ್ಲೂ ಒನ್ ಹಾಕಿದರೆ ಪ್ಲಾಸ್ಮಿಡ್ ಒಂದೇ ಕಡೆ ಕತ್ತರಿಸಿ ಉಂಗುರ ಬಿಚ್ಚಿಕೊಳ್ಳುತ್ತಿತ್ತು ಅಷ್ಟೇ, ಚಿಕ್ಕ ತುಣುಕು ಬರುತ್ತಲೇ ಇರಲಿಲ್ಲ. ಎನ್ಜೈಮ್ ಹಾಳಾಗಿದೆ ಅಂದುಕೊಂಡು ಒಂದು ವಾರ ಕಳೆದೆ. ಟ್ಯೂಬ್ ಬಂದ ದಿನವೇ ಎರಡು ಎನ್ಜೈಮ್ ಹಾಕಿ ನೋಡಿಬಿಡಿ, ಆಮೇಲೆ ಮುಂದಿನ ಕೆಲಸ.

ಸಿಬಿಎಫ್1 ಪ್ರೋಟೀನ್ ಇ. ಕೋಲಿಯಲ್ಲಿ ಚೆನ್ನಾಗಿ ಬರುತ್ತದೆ. 351 ಅಮೈನೊ ಆಮ್ಲದ ಪ್ರೋಟೀನ್, ಹೆಲಿಕ್ಸ್-ಲೂಪ್-ಹೆಲಿಕ್ಸ್ ಮತ್ತು ಲ್ಯೂಸಿನ್ ಜಿಪ್ಪರ್ (ಎರಡು ಪ್ರೋಟೀನ್ ಜೋಡಿಯಾಗಲು ನೆರವಾಗುವ ಭಾಗಗಳು) ಎರಡೂ ಇರುವ ಜಾತಿ. ಇದು ಸೆಂಟ್ರೊಮಿಯರ್ ಕೆಲಸ ಮಾತ್ರ ಮಾಡುವುದಿಲ್ಲ, ಮೆಥಿಯೊನಿನ್ ತಯಾರಿಸುವ ಜೀನ್‌ಗಳನ್ನು ನಡೆಸುವುದರಲ್ಲೂ ಇದರ ಕೈ ಇದೆ. ಸಿಬಿಎಫ್1 ಇಲ್ಲದ ಯೀಸ್ಟ್‌ಗೆ ಹೊರಗಿನಿಂದ ಮೆಥಿಯೊನಿನ್ ಕೊಡಬೇಕು, ಕ್ರೋಮೊಸೋಮ್ ನಷ್ಟವೂ ಸುಮಾರು ಹತ್ತು ಪಟ್ಟು ಏರುತ್ತದೆ.

8 ಶೇಕಡಾ ಅಕ್ರಿಲಮೈಡ್, ಅರ್ಧ ಸಾಂದ್ರತೆಯ ಟಿಬಿಇ ಬಫರ್ ದ್ರಾವಣ, 4 ಡಿಗ್ರಿ ತಣ್ಣನೆಯ ಕೋಣೆ. ಇದು ನನ್ನ ಜೆಲ್. ಅಗರೋಸ್ ಜೆಲ್ ಬೇಡವೇ ಬೇಡ, ಅದರ ರಂಧ್ರಗಳು ದೊಡ್ಡವು, ನೂರೈವತ್ತು ಜೋಡಿಯ ತುಣುಕು ಬಾಗಿದ್ದರೂ ನೆಟ್ಟಗಿದ್ದರೂ ಹಾಗೇ ಹೋಗಿಬಿಡುತ್ತದೆ. ಜೆಲ್ ತೆಗೆದು ನೋಡಿದ ಆ ಕ್ಷಣ ಮರೆಯಲಾರೆ. ಕೆಳಗೆ ಪ್ರೋಟೀನ್ ಇಲ್ಲದ ಡಿಎನ್‌ಎ ಬ್ಯಾಂಡ್‌ಗಳು ಅಚ್ಚುಕಟ್ಟಾಗಿ ಒಂದೇ ಗೆರೆಯಲ್ಲಿ. ಮೇಲೆ ಪ್ರೋಟೀನ್ ಕೂತ ಬ್ಯಾಂಡ್‌ಗಳು ಮಾತ್ರ ಒಂದು ಬಟ್ಟಲಿನ ಆಕಾರದ ತಲೆಕೆಳಗು ರೂಪ, ನಡುವಿನ ಲೇನ್‌ಗಳು ಮೇಲೇ ನಿಂತಿವೆ, ಎರಡೂ ಬದಿಯವು ಕೆಳಗೆ ಇಳಿದಿವೆ. ಬಾಗು ಅನ್ನುವುದನ್ನು ಬರಿಗಣ್ಣಿನಿಂದ ನೋಡಿದ ಹಾಗಾಯಿತು.

ಕೋನ ಲೆಕ್ಕ ಹಾಕುವುದು 1988ರಲ್ಲಿ ಥಾಂಪ್ಸನ್ ಮತ್ತು ಲ್ಯಾಂಡಿ ಕೊಟ್ಟ ಸೂತ್ರದಿಂದ. ಬಾಗು ನಡುವಿನಲ್ಲಿ ಇರುವ ತುಣುಕಿನ ಓಟವನ್ನು, ಬಾಗು ತುದಿಯಲ್ಲಿ ಇರುವ ತುಣುಕಿನ ಓಟದಿಂದ ಭಾಗಿಸಿ. ಬಂದ ಸಂಖ್ಯೆ ಬಾಗು ಕೋನದ ಅರ್ಧದ ಕೊಸೈನ್‌ಗೆ ಸಮ. ಉದಾಹರಣೆಗೆ ನಡುವಿನದು 50 ಮಿಲಿಮೀಟರ್ ಓಡಿದೆ, ತುದಿಯದು 60 ಓಡಿದೆ ಅಂತಿರಲಿ. 0.833 ಬಂತು, ಕೋನ 67 ಡಿಗ್ರಿ. 1993ರಲ್ಲಿ ಹೆಗೆಮನ್ ಅವರ ತಂಡ ಸಿಬಿಎಫ್1ಗೆ 66ರಿಂದ 71 ಡಿಗ್ರಿ ಅಂತ ಪ್ರಕಟಿಸಿತ್ತು. ನನ್ನ ಮೂರು ಜೆಲ್‌ಗಳೂ ಆ ಆಸುಪಾಸಿನಲ್ಲೇ ಬಂದವು. ಖುಷಿಯಾಯಿತು.

ಆದರೆ ಅದೇ ಉದಾಹರಣೆಯಲ್ಲಿ ಸ್ಕೇಲ್ ಇಡುವಾಗ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ? 51 ಅಂತ ಬರೆದರೆ 64 ಡಿಗ್ರಿ, 49 ಅಂತ ಬರೆದರೆ 70 ಡಿಗ್ರಿ. ಬ್ಯಾಂಡ್ ಸ್ವಲ್ಪ ದಪ್ಪ ಇದ್ದರೆ ಈ ಒಂದು ಮಿಲಿಮೀಟರ್ ಅಲ್ಲೇ ಹೋಯಿತು. ಹಾಗಾಗಿ ಒಂದೇ ಜೆಲ್ ನೋಡಿ ದಶಮಾಂಶದವರೆಗೆ ಕೋನ ಬರೆಯುವವರನ್ನು ನಾನು ನಂಬುವುದಿಲ್ಲ. ಉದ್ದನೆಯ ಜೆಲ್ ಓಡಿಸಿ, ಬ್ಯಾಂಡಿನ ನಡುವಿನಿಂದ ಅಳೆಯಿರಿ, ಮೂರು ಸಲವಾದರೂ ಮಾಡಿ.

ಅರ್ಧ ಅಂಕ ಕಳೆದದ್ದು ಯಾಕೆ ಅಂದರೆ, ಇದು ನಿಜಕ್ಕೂ ಮನಸ್ಸಿಗೆ ಕೊರೆಯುತ್ತಿರುವ ವಿಷಯ, ಜೆಲ್‌ಗೆ ಬಾಗು ಮತ್ತು ಬಳುಕು ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರೋಟೀನ್ ಕೂತ ಜಾಗದಲ್ಲಿ ಡಿಎನ್‌ಎ ಒಂದು ದಿಕ್ಕಿಗೆ ಗಟ್ಟಿಯಾಗಿ ಬಾಗಿದ್ದರೂ ನಿಧಾನ, ಅಲ್ಲಿ ಕೀಲಿನ ಹಾಗೆ ಎಲ್ಲಾ ದಿಕ್ಕಿಗೂ ಓಲಾಡುತ್ತಿದ್ದರೂ ನಿಧಾನ. ಪ್ರೋಟೀನ್‌ನದ್ದೇ ಆಕಾರ ಉದ್ದವಾಗಿ ಚಾಚಿಕೊಂಡಿದ್ದರೂ ನಿಧಾನವಾಗಬಹುದು. ಸಿಬಿಎಫ್1 ಜಾತಿಯ ಪ್ರೋಟೀನ್‌ಗಳಲ್ಲಿ ಲ್ಯೂಸಿನ್ ಜಿಪ್ಪರ್ ಡಿಎನ್‌ಎಯಿಂದ ಹೊರಕ್ಕೆ ಕೋಲಿನ ಹಾಗೆ ನಿಂತಿರುತ್ತದೆ, ಇದನ್ನು ಮರೆಯಬಾರದು. ಇದೇ ಜಾತಿಯ ಮ್ಯಾಕ್ಸ್ ಪ್ರೋಟೀನ್ ಡಿಎನ್‌ಎ ಮೇಲೆ ಕೂತ ಸ್ಫಟಿಕದ ರಚನೆ 1993ರಲ್ಲೇ ಬಂತು, ಅದರಲ್ಲಿ ಡಿಎನ್‌ಎ ಹೆಚ್ಚುಕಮ್ಮಿ ನೆಟ್ಟಗೆ ಇದೆ. ಫಾಸ್ ಮತ್ತು ಜುನ್ ಅನ್ನುವ ಜಿಪ್ಪರ್ ಪ್ರೋಟೀನ್‌ಗಳ ವಿಷಯದಲ್ಲೂ 1990ರ ದಶಕದಲ್ಲಿ ಇದೇ ಚರ್ಚೆ ನಡೆಯಿತು. ಜೆಲ್ ಬಾಗಿದೆ ಅಂದಿತು, ಸ್ಫಟಿಕ ಅಷ್ಟೇನೂ ಬಾಗಿಲ್ಲ ಅಂದಿತು.

ಅಂದರೆ 66ರಿಂದ 71 ಅನ್ನುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪಿಬೆಂಡ್2 ಕೊಡುವ ಕೋನವನ್ನು ಜೆಲ್‌ನಲ್ಲಿ ಕಂಡ ಕೋನ ಅಂತಲೇ ಬರೆಯಿರಿ, ಡಿಎನ್‌ಎಯ ಕೋನ ಅಂತ ಬರೆಯುವ ಮೊದಲು ಫೇಸಿಂಗ್ ಪರೀಕ್ಷೆ ಮಾಡಿ. ಅದರಲ್ಲಿ ನಿಮ್ಮ ಜಾಗದ ಪಕ್ಕದಲ್ಲಿ ಆಗಲೇ ಬಾಗಿರುವ ಒಂದು ತುಂಡು ಇಡುತ್ತಾರೆ, ಸಾಲು ಸಾಲು ಎ ಇರುವಂಥದ್ದು. ಎರಡರ ನಡುವಿನ ಅಂತರವನ್ನು ಎರಡೆರಡು ಜೋಡಿಯಷ್ಟು ಹೆಚ್ಚಿಸುತ್ತಾ ಒಂದು ಪೂರ್ತಿ ಸುತ್ತು, ಅಂದರೆ ಹತ್ತೂವರೆ ಜೋಡಿ, ದಾಟಿಸುತ್ತಾರೆ. ನಿಜವಾದ ಬಾಗು ಇದ್ದರೆ ಎರಡು ಬಾಗುಗಳು ಒಮ್ಮೆ ಒಂದೇ ಕಡೆಗೆ ತಿರುಗುತ್ತವೆ, ಒಮ್ಮೆ ವಿರುದ್ಧ ಕಡೆಗೆ. ಬ್ಯಾಂಡ್‌ಗಳು ಅಲೆಯ ಹಾಗೆ ಏರಿಳಿಯುತ್ತವೆ. ಬರೀ ಬಳುಕು ಆಗಿದ್ದರೆ ಅಲೆಯೇ ಬರುವುದಿಲ್ಲ. ಬಾಗು ಯಾವ ದಿಕ್ಕಿಗೆ ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ಪಿಬೆಂಡ್2 ಒಂದರಿಂದ ದಿಕ್ಕು ಗೊತ್ತಾಗುವುದಿಲ್ಲ, ಸೆಂಟ್ರೊಮಿಯರ್ ವಿಷಯದಲ್ಲಿ ದಿಕ್ಕೇ ಮುಖ್ಯ. ನ್ಯೂಕ್ಲಿಯೊಸೋಮ್ ಕಡೆಗೆ ಬಾಗಿದರೆ ಸುತ್ತು ಬಿಗಿಯಾಗುತ್ತದೆ, ಆಚೆ ಬಾಗಿದರೆ ಬಿಚ್ಚಿಕೊಳ್ಳುತ್ತದೆ. ಎರಡಕ್ಕೂ 67 ಡಿಗ್ರಿಯೇ!

ಸಿಡಿಇ2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಎ ಮತ್ತು ಟಿ ಗುಂಪುಗಳು ತುಂಬಿರುವುದರಿಂದ ಪ್ರೋಟೀನ್ ಇಲ್ಲದಿದ್ದರೂ ಅದಕ್ಕೇ ಒಂದಷ್ಟು ಬಾಗು ಇರುತ್ತದೆ. ಜೆಲ್ ತಣ್ಣಗಿದ್ದರೆ ಅದು ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಪ್ರತಿ ಲೇನ್‌ನಲ್ಲೂ ಪ್ರೋಟೀನ್ ಕೂತ ಬ್ಯಾಂಡಿನ ಓಟವನ್ನು ಅದೇ ಲೇನ್‌ನ ಖಾಲಿ ಡಿಎನ್‌ಎ ಓಟದಿಂದ ಭಾಗಿಸಿಕೊಂಡೇ ಸೂತ್ರಕ್ಕೆ ಹಾಕಿ. ಇಲ್ಲದಿದ್ದರೆ ಡಿಎನ್‌ಎಯ ಸ್ವಂತ ಬಾಗು ಪ್ರೋಟೀನ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಮತ್ತೆ ಡಿಆರ್‌ಎ ಒನ್ ಎನ್ಜೈಮ್ ಹಾಕುವ ಮೊದಲು ನಿಮ್ಮ ತುಂಡಿನಲ್ಲಿ ಟಿ-ಟಿ-ಟಿ-ಎ-ಎ-ಎ ಇದೆಯಾ ನೋಡಿಕೊಳ್ಳಿ, ಇಷ್ಟು ಎ-ಟಿ ಇರುವ ಕಡೆ ಅದು ಸಿಗುವುದು ಸಹಜ. ಎಂಬತ್ತು ಜೋಡಿ ಬರೀ ಎ-ಟಿ ಇರುವ ಆಲಿಗೊ ತರಿಸುವ ಗೋಜಿಗೂ ಹೋಗಬೇಡಿ. ಯೀಸ್ಟ್ ಲ್ಯಾಬ್‌ಗಳ ಫ್ರೀಜರ್‌ನಲ್ಲಿ ಪಿಆರ್‌ಎಸ್316 ಇದ್ದೇ ಇರುತ್ತದೆ, ಅದರಲ್ಲಿ ಆರನೇ ಕ್ರೋಮೊಸೋಮಿನ ಸೆಂಟ್ರೊಮಿಯರ್ ಇದೆ. ಅದರಿಂದ ಪಿಸಿಆರ್ ಮಾಡಿಕೊಳ್ಳಿ.

ಈಗ ಸಿಬಿಎಫ್3. ನನ್ನ ನಿರಾಸೆ ಇಲ್ಲಿಂದ ಶುರು.

ಮೊದಲ ಕಷ್ಟ ಪ್ರೋಟೀನ್‌ನದ್ದು, ಅದಕ್ಕೆ ಪ್ಲಾಸ್ಮಿಡ್ಡನ್ನು ದೂರಿ ಪ್ರಯೋಜನವಿಲ್ಲ. 1991ರಲ್ಲಿ ಲೆಕ್ನರ್ ಮತ್ತು ಕಾರ್ಬನ್ ಈ ಕೂಟವನ್ನು ಯೀಸ್ಟ್‌ನಿಂದಲೇ ಶುದ್ಧ ಮಾಡಿದರು, ತೂಕ ಸುಮಾರು 240 ಕಿಲೊಡಾಲ್ಟನ್ ಅಂದರು. ಇದರಲ್ಲಿ ಸಿಟಿಎಫ್13 ಬಹಳ ನಾಜೂಕು. ಅದು ಸರಿಯಾದ ರೂಪಕ್ಕೆ ಬರಲು ಎಸ್‌ಕೆಪಿ1 ಜೊತೆಗೆ ಎಸ್‌ಜಿಟಿ1 ಮತ್ತು ಎಚ್‌ಎಸ್‌ಪಿ90 ಅನ್ನುವ ಪ್ರೋಟೀನ್‌ಗಳ ಸಹಾಯವೂ ಬೇಕು. ಇ. ಕೋಲಿಯಲ್ಲಿ ಸುಮ್ನೆ ಮಾಡಿ ತೆಗೆಯಲು ಆಗುವಂಥದ್ದಲ್ಲ. ನಾನು ಯೀಸ್ಟ್‌ನಿಂದಲೇ ತೆಗೆದೆ. ಬಂದದ್ದು ಸ್ವಲ್ಪ, ಆದರೆ ಡಿಎನ್‌ಎ ಹಿಡಿಯುತ್ತಿತ್ತು.

ಎರಡನೇ ಕಷ್ಟ ನೇರವಾಗಿ ಪಿಬೆಂಡ್2ಗೆ ಸಂಬಂಧಿಸಿದ್ದು. ಸಿಬಿಎಫ್3 ಡಿಎನ್‌ಎ ಮೇಲೆ ಸುಮಾರು 56 ಜೋಡಿ ಉದ್ದಕ್ಕೆ ಕೈ ಚಾಚುತ್ತದೆ, ಸಿಡಿಇ3ನಷ್ಟೇ ಅಲ್ಲ, ಅದರ ಬಲಕ್ಕೆ, ಸಿಡಿಇ2ಯಿಂದ ದೂರ ಹೋಗುವ ದಿಕ್ಕಿಗೂ. ತುಣುಕಿನ ಒಟ್ಟು ಉದ್ದ ನೂರೈವತ್ತು ಚಿಲ್ಲರೆ. ಅದರಲ್ಲಿ 56ನ್ನು ಕೂಟವೇ ಮುಚ್ಚಿಕೊಂಡರೆ ಎರಡೂ ಬದಿಗೆ ತೋಳು ಎಷ್ಟು ಉಳಿಯಿತು? ಬಾಗು ಕಾಣಲು ತೋಳು ಬೇಕು. ತುದಿಯ ಹತ್ತಿರ ಜಾಗ ಬರುವ ತುಣುಕುಗಳಲ್ಲಂತೂ ಕೂಟ ಸರಿಯಾಗಿ ಕೂರುವುದೇ ಇಲ್ಲ, ಬ್ಯಾಂಡ್ ಮಸುಕಾಗುತ್ತದೆ. ಸೂತ್ರಕ್ಕೆ ತುದಿಯ ತುಣುಕಿನ ಓಟ ಬೇಕೇ ಬೇಕು, ಅದೇ ಮಸುಕಾದರೆ ಯಾವುದರಿಂದ ಭಾಗಿಸುವುದು?

ಮೂರನೇ ಕಷ್ಟ ತೂಕ. ಇಷ್ಟು ದೊಡ್ಡ ಕೂಟ ಹೊತ್ತ ಡಿಎನ್‌ಎ ಜೆಲ್‌ನ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಬಾಗಿನಿಂದ ಆಗುವ ಚಿಕ್ಕ ವ್ಯತ್ಯಾಸ ಆ ತೂಕದ ಕೆಳಗೆ ಮುಚ್ಚಿಹೋಗುತ್ತದೆ. ಅದರ ಜೊತೆಗೆ ಎನ್‌ಡಿಸಿ10ಗೆ ಸೀಕ್ವೆನ್ಸ್ ನೋಡದೆ ಯಾವ ಡಿಎನ್‌ಎ ಮೇಲಾದರೂ ಕೂರುವ ಅಭ್ಯಾಸ ಇದೆ. ಒಂದು ಬ್ಯಾಂಡ್ ಬದಲು ಒಂದು ಉದ್ದನೆಯ ಮಸಿ ಗೆರೆ, ಅರ್ಧ ವೆಲ್‌ನಲ್ಲೇ, ಅಂದರೆ ಮಾದರಿ ಹಾಕುವ ಗುಂಡಿಯಲ್ಲೇ. ಪ್ರೋಟೀನ್ ಕಮ್ಮಿ ಮಾಡಿದೆ, ಸ್ಪರ್ಧೆಗೆ ಬೇರೆ ಡಿಎನ್‌ಎ ಜಾಸ್ತಿ ಮಾಡಿದೆ, ಅಕ್ರಿಲಮೈಡ್ 4 ಶೇಕಡಾಕ್ಕೆ ಇಳಿಸಿದೆ. 4 ಶೇಕಡಾದಲ್ಲಿ ಬ್ಯಾಂಡ್ ಚೆನ್ನಾಗಿ ಇಳಿದು ಬಂತು, ಆದರೆ ಜೆಲ್ ಸಡಿಲವಾದ್ದರಿಂದ ಬಾಗು ಕಾಣುವ ಶಕ್ತಿಯೇ ಹೋಯಿತು. ಏಳು ಜೆಲ್ ಆದ ಮೇಲೆ ಕೈಬಿಟ್ಟೆ. ಆ ದಿನ ನಿಜಕ್ಕೂ ಬೇಜಾರಾಗಿತ್ತು.

ಸಿಬಿಎಫ್3ಗೆ ಸರಿಯಾದ ದಾರಿ 1999ರಲ್ಲೇ ತೋರಿಸಿದ್ದರು, ನಾನು ತಡವಾಗಿ ಓದಿದೆ. ಪೀಟ್ರಸಾಂತಾ ಮತ್ತು ಜೊತೆಗಾರರು, ಕಾರ್ಬನ್ ಮತ್ತು ಹ್ಯಾನ್ಸ್ಮಾ ಕೂಡ ಇದ್ದ ತಂಡ, ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪಿನ (ಸೂಜಿಮೊನೆಯಿಂದ ಮೇಲ್ಮೈ ತಡವಿ ಚಿತ್ರ ಕೊಡುವ ಯಂತ್ರ) ಕೆಳಗೆ ಒಂದೊಂದೇ ಡಿಎನ್‌ಎ ಎಳೆಯನ್ನು ನೋಡಿದರು. ಎಳೆಯ ಮೇಲೆ ಉಂಡೆಯ ಹಾಗೆ ಸಿಬಿಎಫ್3 ಕೂತಿದೆ, ಅಲ್ಲಿ ಡಿಎನ್‌ಎ ಸುಮಾರು 55 ಡಿಗ್ರಿ ಬಾಗಿದೆ. ಎಳೆಯ ಒಟ್ಟು ಉದ್ದವೂ ಸುಮಾರು 9 ಶೇಕಡಾ ಕಮ್ಮಿಯಾಗಿದೆ, ಅಂದರೆ ಡಿಎನ್‌ಎ ಉಂಡೆಯೊಳಗೆ ಒಂದಷ್ಟು ಸುತ್ತಿಕೊಂಡಿರಬೇಕು. ಉಂಡೆ ಕೂತದ್ದು ಸಿಡಿಇ3ರ ನಟ್ಟನಡುವೆ ಅಲ್ಲ, ಬಲಕ್ಕೆ ಸರಿದು, ಅದೂ ಸಿಡಿಇ2ಯಿಂದ ಆಚೆಗೆ. ಎರಡೆರಡು ಕೂಟಗಳು ಜೋಡಿಯಾಗಿ ಮೂರು ನಾಲ್ಕು ತೋಳಿನ ಆಕಾರಗಳೂ ಕಂಡವು. ಈ ಒಂದು ಸಂಗತಿ ಓದಿದಾಗ ನನ್ನ ಜೆಲ್‌ನ ಮಸಿ ಗೆರೆ ನೆನಪಾಯಿತು. ಜೆಲ್‌ನಲ್ಲಿ ಗಲೀಜು ಅಂತ ಬಿಟ್ಟದ್ದರಲ್ಲಿ ಎಷ್ಟೋ ಭಾಗ ಈ ಜೋಡಿ ಕೂಟಗಳೇ ಇದ್ದಿರಬಹುದು, ಜೆಲ್‌ಗೆ ಅದನ್ನು ಬಿಡಿಸಿ ಹೇಳಲು ಬರಲಿಲ್ಲ, ಅಷ್ಟೇ.

ಉದ್ದ ಕಮ್ಮಿಯಾಗುವ ಈ ಮಾತು ಪಿಬೆಂಡ್2ನಿಂದ ಎಂದೂ ಸಿಗುವಂಥದ್ದಲ್ಲ. 55 ಡಿಗ್ರಿಗೆ ಸೂತ್ರದ ಪ್ರಕಾರ ಓಟದ ಅನುಪಾತ 0.89ರ ಹತ್ತಿರ ಬರಬೇಕು. ನನ್ನ ಜೆಲ್‌ನ ಮಸುಕು ಬ್ಯಾಂಡ್‌ಗಳಲ್ಲಿ 0.89 ಮತ್ತು 1 ಎರಡನ್ನೂ ಬೇರೆ ಮಾಡಿ ಹೇಳುವುದು ಸಾಧ್ಯವೇ ಇರಲಿಲ್ಲ.

ಮೈಕ್ರೊಸ್ಕೋಪಿಗೂ ಅದರದೇ ತೊಂದರೆ ಇದೆ. ಡಿಎನ್‌ಎಯನ್ನು ಮೈಕಾದ ಚಪ್ಪಟೆ ಮೇಲ್ಮೈಗೆ ಅಂಟಿಸಬೇಕು, ಮೂರು ದಿಕ್ಕಿನ ಬಾಗು ಎರಡು ದಿಕ್ಕಿಗೆ ಒತ್ತಿಹೋಗುತ್ತದೆ. ನೂರಾರು ಎಳೆ ಎಣಿಸಬೇಕು, ಕಣ್ಣು ಸೋಲುತ್ತದೆ. 2018ರಿಂದ ಸಿಬಿಎಫ್3ಯ ಕ್ರಯೊ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್‌ಗಳಿಂದ ನೋಡುವ ವಿಧಾನ) ರಚನೆಗಳೂ ಬಂದಿವೆ, ಯಾವ ಪ್ರೋಟೀನ್ ಎಲ್ಲಿ ಕೂತಿದೆ ಅನ್ನುವುದಕ್ಕೆ ಈಗ ಅದನ್ನೇ ನೋಡಬೇಕು. ಆದರೂ ಒಂದು ಅಕ್ಷರ ಬದಲಾಯಿಸಿ ಬಾಗು ಬದಲಾಯಿತಾ ಅಂತ ಎರಡು ದಿನದಲ್ಲಿ ತಿಳಿಯಬೇಕು ಅಂದರೆ, ಹತ್ತು ಬದಲಾವಣೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು ಅಂದರೆ, ಈಗಲೂ ನನ್ನ ಕೈ ಹೋಗುವುದು ಪಿಬೆಂಡ್2 ಕಡೆಗೇ. ಕೋನ ಎಷ್ಟು ಅನ್ನುವುದಕ್ಕಿಂತ ಇದಕ್ಕೂ ಅದಕ್ಕೂ ವ್ಯತ್ಯಾಸ ಇದೆಯಾ ಅನ್ನುವ ಪ್ರಶ್ನೆಗೆ ಅದು ಬಹಳ ಚೆನ್ನಾಗಿ ಉತ್ತರ ಕೊಡುತ್ತದೆ. ಎಲ್ಲ ತುಣುಕುಗಳೂ ಒಂದೇ ಜೆಲ್‌ನಲ್ಲಿ ಓಡುವುದರಿಂದ ತಪ್ಪುಗಳೂ ಎಲ್ಲದಕ್ಕೂ ಸಮನಾಗಿ ಬೀಳುತ್ತವೆ.

ಹೊಸದಾಗಿ ಶುರು ಮಾಡುವವರಿಗೆ: 1994ರಲ್ಲಿ ಇದರ ಸುಧಾರಿಸಿದ ತಮ್ಮಂದಿರು ಪಿಬೆಂಡ್3, 4, 5 ಬಂದಿವೆ. ನಿಮ್ಮ ತುಂಡಿನಲ್ಲಿ ಇರುವ ಎನ್ಜೈಮ್ ಜಾಗಗಳನ್ನು ಮೊದಲು ನೋಡಿ, ಆಮೇಲೆ ಯಾವುದು ಅಂತ ಆರಿಸಿ. ಸಿಬಿಎಫ್1 ಇಟ್ಟುಕೊಂಡು ಅಭ್ಯಾಸ ಮಾಡಿ, ಸಿಬಿಎಫ್3 ಇಟ್ಟುಕೊಂಡು ಅಲ್ಲ. ಎರಡನ್ನೂ ಒಂದೇ ತುಣುಕಿನ ಮೇಲೆ ಕೂರಿಸಿ ಪೂರ್ತಿ ಸೆಂಟ್ರೊಮಿಯರ್ ಬಾಗು ಅಳೆಯುತ್ತೇನೆ ಅನ್ನುವ ಆಸೆ ನನಗೂ ಇತ್ತು. ಈ ಪ್ಲಾಸ್ಮಿಡ್‌ನಲ್ಲಿ ಅದು ಆಗುವುದಿಲ್ಲ. 125 ಜೋಡಿ ಒಳಗಿಟ್ಟ ಮೇಲೆ ಅದನ್ನು ನಡುವಿನಿಂದ ತುದಿಗೆ ಸರಿಸಿದರೂ ಬಾಗುಗಳ ಜಾಗ ಅಷ್ಟೇನೂ ಬದಲಾಗುವುದಿಲ್ಲ, ಎರಡು ಬಾಗುಗಳಿಗೆ ಒಂದೇ ಕೋನದ ಸೂತ್ರ ಹೊಂದುವುದೂ ಇಲ್ಲ.

ಸಿಬಿಎಫ್1ಗೆ ಫೇಸಿಂಗ್ ತುಣುಕುಗಳನ್ನು ಈಗ ಕಟ್ಟುತ್ತಿದ್ದೇನೆ. ಆರರಲ್ಲಿ ನಾಲ್ಕು ಸಿದ್ಧ, ಉಳಿದ ಎರಡು ಈ ವಾರ ಸೀಕ್ವೆನ್ಸ್‌ಗೆ ಹೋಗುತ್ತವೆ. ಅಲೆ ಬರದಿದ್ದರೆ ಮೇಲೆ ಕೊಟ್ಟ ನಾಲ್ಕೂವರೆಯನ್ನು ಇಲ್ಲೇ ಬಂದು ತಿದ್ದುತ್ತೇನೆ.